ಮುಖಸಾಕ್ಷ್ಯದ ಮಿತಿ: ಚಾರಿತ್ರಿಕ ಛಾಯಾಚಿತ್ರಗಳಲ್ಲಿ ವ್ಯಕ್ತಿನಿರ್ಣಯದ ಪ್ರಶ್ನೆ

ಚರಿತ್ರೆಯ ಆಕರಗಳ ಪೈಕಿ ಛಾಯಾಚಿತ್ರಕ್ಕೆ ದೊರೆತಿರುವ ಸ್ಥಾನ ವಿಚಿತ್ರವಾದುದು. ಶಾಸನವೊಂದು ಪತ್ತೆಯಾದರೆ ಅದರ ಲಿಪಿ, ಭಾಷೆ, ಕಾಲಸೂಚನೆ, ದೊರೆತ ನೆಲೆ ಇವುಗಳನ್ನು ಪರಿಶೀಲಿಸದೆ ಯಾವ ವಿದ್ವಾಂಸರೂ ಅದನ್ನು ಸ್ವೀಕರಿಸುವುದಿಲ್ಲ. 'ಕೂಡಲಸಂಗಮದೇವ' ಎಂಬ ಅಂಕಿತವಿದ್ದ ಮಾತ್ರಕ್ಕೆ ವಚನವೊಂದನ್ನು ಬಸವಣ್ಣನವರದೆಂದು ಒಪ್ಪಿಬಿಡುವ ಸಂಪಾದಕರು ಕನ್ನಡದಲ್ಲಿಲ್ಲ. ಅದು ಯಾವ ಓಲೆಗರಿಯಲ್ಲಿದೆ, ಆ ಪ್ರತಿಯ ಕಾಲ ಯಾವುದು, ಉಳಿದ ಪ್ರತಿಗಳು ಏನು ಹೇಳುತ್ತವೆ ಎಂದು ಅವರು ಕೇಳುತ್ತಾರೆ. 'ಕವಿರಾಜಮಾರ್ಗ'ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಒಂದೇ ಪ್ರಶ್ನೆಯ ಸುತ್ತ ಒಂದು ಶತಮಾನದ ಚರ್ಚೆ ಬೆಳೆದಿದೆ. ಆದರೆ ಹಳೆಯ ಛಾಯಾಚಿತ್ರವೊಂದು ಕೈಗೆ ಬಂದೊಡನೆ ಈ ಎಚ್ಚರವೆಲ್ಲ ಸಡಿಲಗೊಳ್ಳುವುದುಂಟು. ಮುಖ ಕಣ್ಣೆದುರಿಗೇ ಇದೆ, ಇನ್ನು ವಿಚಾರಿಸುವುದೇನಿದೆ ಎಂಬ ಭಾವನೆ ಸಂಶೋಧಕರನ್ನೂ ಬಿಟ್ಟಿಲ್ಲ. ಈಚಿನ ವರ್ಷಗಳಲ್ಲಿ ಈ ಭಾವನೆಗೆ ಮುಖಹೋಲಿಕೆಯ ತಂತ್ರಗಳು ವಿಜ್ಞಾನದ ಬಲವನ್ನೂ ಒದಗಿಸಿವೆ. ಆ ಬಲ ಎಷ್ಟು, ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದರ ವಿವೇಚನೆ ಪ್ರಸ್ತುತ ಲೇಖನದ ವಸ್ತು.

ಮುಖಹೋಲಿಕೆ ಎಂಬ ಹೆಸರಿನಲ್ಲಿ ನಡೆಯುವ ಕೆಲಸ ಸ್ಥೂಲವಾಗಿ ಮೂರು ಬಗೆಯದು. ಎರಡು ಚಿತ್ರಗಳಲ್ಲಿನ ಕಿವಿಯ ಮಡಿಕೆ, ಹುಬ್ಬಿನ ಬಾಗು, ಮೂಗಿನ ತುದಿ, ಕೂದಲಿನ ಅಂಚು, ಮಚ್ಚೆ, ಗಾಯದ ಕಲೆ ಮುಂತಾದ ಲಕ್ಷಣಗಳನ್ನು ಒಂದೊಂದಾಗಿ ಹೋಲಿಸುವುದು ಮೊದಲನೆಯದು. ಕಣ್ಣುಗಳ ನಡುವಣ ಅಂತರ, ಮೂಗಿನ ಉದ್ದ, ಬಾಯಿಯ ಅಗಲ ಇವುಗಳನ್ನು ಅಳೆದು ಅನುಪಾತಗಳನ್ನು ಲೆಕ್ಕ ಹಾಕುವುದು ಎರಡನೆಯದು. ಒಂದು ಚಿತ್ರವನ್ನು ಇನ್ನೊಂದರ ಮೇಲೆ ಹೊದಿಸಿ ರೇಖೆಗಳು ಕೂಡುತ್ತವೆಯೇ ಎಂದು ನೋಡುವುದು ಮೂರನೆಯದು. ಇವುಗಳ ಜೊತೆಗೆ ಈಗ ಗಣಕಯಂತ್ರವೇ ಮುಖವನ್ನು ಸಂಖ್ಯೆಗಳ ಸರಣಿಯಾಗಿ ಮಾರ್ಪಡಿಸಿ ಹೋಲಿಕೆಯ ಅಂಕ ಕೊಡುವ ವಿಧಾನ ಸೇರಿಕೊಂಡಿದೆ. ಅಳತೆಯ ವಿಧಾನಕ್ಕೆ ದೀರ್ಘ ಚರಿತ್ರೆಯಿದೆ. ಪ್ಯಾರಿಸ್ ಪೊಲೀಸ್ ಇಲಾಖೆಯ ಅಲ್ಫೋನ್ಸ್ ಬರ್ತಿಯೋಂ 1880ರ ದಶಕದಲ್ಲಿ ಅಪರಾಧಿಗಳ ಅಂಗಾಂಗಗಳನ್ನು ಅಳೆದು, ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದು ದಾಖಲಿಸುವ ಪದ್ಧತಿಯನ್ನು ನೆಲೆಗೊಳಿಸಿದ. ಆ ಪದ್ಧತಿ ಭಾರತಕ್ಕೂ ಬಂದಿತು. ಅಳತೆಗಾರರ ಕೈ ಬದಲಾದಂತೆ ಅಳತೆಯೂ ಬದಲಾಗುತ್ತಿತ್ತಾದ್ದರಿಂದ 1897ರಲ್ಲಿ ಇಲ್ಲಿನ ವಸಾಹತು ಸರ್ಕಾರ ಅದನ್ನು ಬಿಟ್ಟು ಬೆರಳಚ್ಚಿನ ಕಡೆಗೆ ತಿರುಗಿತು. ಕಲ್ಕತ್ತೆಯಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರು ರೂಪಿಸಿದ ವರ್ಗೀಕರಣ ಅದಕ್ಕೆ ಆಧಾರವಾಯಿತು. ಜೀವಂತ ವ್ಯಕ್ತಿಯ ದೇಹದ ಮೇಲೆ ಲೋಹದ ಕೈವಾರವಿಟ್ಟು ಅಳೆದದ್ದೇ ನೆಚ್ಚಿಕೆಗೆ ಅರ್ಹವಲ್ಲವೆಂದು ಬಿಟ್ಟ ಮೇಲೆ, ಮಾಸಿದ ಕಾಗದದ ಮೇಲಿನ ನೆರಳನ್ನು ಅಳೆಯುವ ಉತ್ಸಾಹ ಮರಳಿ ಬಂದಿರುವುದು ಸೋಜಿಗದ ಸಂಗತಿ. ವಿಧಿವಿಜ್ಞಾನದಲ್ಲಿ ಮುಖಪರೀಕ್ಷಣೆಯ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ತಜ್ಞರ ತಂಡಗಳು ಲಕ್ಷಣಗಳ ಹೋಲಿಕೆಯನ್ನೇ ಮುಖ್ಯ ವಿಧಾನವಾಗಿ ಒಪ್ಪಿ, ಚಿತ್ರದ ಮೇಲಿನ ಅಳತೆಯನ್ನು ವ್ಯಕ್ತಿನಿರ್ಣಯಕ್ಕೆ ಆಧಾರವಾಗಿಸಬಾರದೆಂಬ ನಿಲುವಿಗೆ ಬಂದಿವೆ.

ಮುಖವನ್ನು ಗುರುತಿಸುವುದರಲ್ಲಿ ಮನುಷ್ಯರು ನಿಪುಣರೆಂಬ ನಂಬಿಕೆ ಪರಿಚಿತರ ಮಟ್ಟಿಗೆ ಮಾತ್ರ ನಿಜ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರ ಪ್ರಯೋಗವೊಂದು ಇದನ್ನು ಸರಳವಾಗಿ ತೋರಿಸಿಕೊಟ್ಟಿತು. ಇಬ್ಬರೇ ವ್ಯಕ್ತಿಗಳ, ಒಬ್ಬೊಬ್ಬರದು 20ರಂತೆ, 40 ಚಿತ್ರಗಳನ್ನು ಕಲೆಸಿ ಕೊಟ್ಟು, ಎಷ್ಟು ಜನರಿದ್ದಾರೋ ಅಷ್ಟು ಗುಂಪು ಮಾಡಿರೆಂದು ಹೇಳಲಾಯಿತು. ಆ ವ್ಯಕ್ತಿಗಳನ್ನು ಅರಿಯದವರು ಸಾಮಾನ್ಯವಾಗಿ ಏಳೆಂಟು ಗುಂಪು ಮಾಡಿದರು. ಅದೇ ಚಿತ್ರಗಳನ್ನು, ಆ ಇಬ್ಬರು ಜನಪ್ರಿಯರಾಗಿದ್ದ ನೆದರ್‌ಲ್ಯಾಂಡಿನವರು ಅನಾಯಾಸವಾಗಿ ಎರಡಾಗಿ ವಿಂಗಡಿಸಿದರು. ಒಬ್ಬನೇ ವ್ಯಕ್ತಿಯ ಎರಡು ಚಿತ್ರಗಳು ಪರಸ್ಪರ ಎಷ್ಟು ದೂರವಿರಬಲ್ಲವು ಎಂಬುದು ಅಪರಿಚಿತನಿಗೆ ತಿಳಿಯದು. ವೃತ್ತಿಯ ಅನುಭವವೂ ಇದಕ್ಕೆ ತಾನಾಗಿ ಪರಿಹಾರವಾಗುವುದಿಲ್ಲ: 2014ರಲ್ಲಿ ಆಸ್ಟ್ರೇಲಿಯದ ಪಾಸ್‌ಪೋರ್ಟ್ ಅಧಿಕಾರಿಗಳನ್ನು ಪರೀಕ್ಷೆಗೆ ಒಳಪಡಿಸಿದಾಗ, ಎದುರಿಗೆ ನಿಂತವನದಲ್ಲದ ಚಿತ್ರವನ್ನು ಅವನದೇ ಎಂದು ಒಪ್ಪಿದ ಪ್ರಮಾಣ ಶೇಕಡ 14ರಷ್ಟಿತ್ತು. ನೂರೈವತ್ತು ವರ್ಷಗಳ ಹಿಂದೆ ತೀರಿಕೊಂಡವರ ವಿಷಯದಲ್ಲಿ ಇಂದಿನ ಸಂಶೋಧಕರೆಲ್ಲರೂ ಅಪರಿಚಿತರೇ.

ಹಳೆಯ ಚಿತ್ರಗಳ ತಾಂತ್ರಿಕ ಸ್ವರೂಪ ಈ ತೊಡಕನ್ನು ಇಮ್ಮಡಿಗೊಳಿಸುತ್ತದೆ. ಬೆಳ್ಳಿಲೇಪದ ತಾಮ್ರದ ತಗಡಿನ ಮೇಲೆ ಮೂಡುವ ಡಾಗೆರೋಟೈಪ್, ಕಬ್ಬಿಣದ ತಗಡಿನ ಮೇಲಿನ ಟಿನ್‌ಟೈಪ್ ಇವೆರಡರಲ್ಲೂ ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿರುತ್ತದೆ. ಅಮೆರಿಕದ ಹೆಸರಾಂತ ದರೋಡೆಕೋರ ಬಿಲ್ಲಿ ದ ಕಿಡ್ ಎಡಗೈಯವನೆಂಬ ಐತಿಹ್ಯ ಹುಟ್ಟಿದ್ದು ಇದರಿಂದಲೇ; 1958ರಲ್ಲಿ ಅದೇ ಐತಿಹ್ಯವನ್ನು ಶೀರ್ಷಿಕೆಯಾಗಿಸಿಕೊಂಡ ಚಲನಚಿತ್ರವೂ ಬಂದಿತು. ಅವನ ಕೈಯಲ್ಲಿರುವ ವಿಂಚೆಸ್ಟರ್ ಬಂದೂಕಿಗೆ ಗುಂಡು ತುಂಬುವ ಕಿಂಡಿ ನಿಜದಲ್ಲಿ ಬಲಬದಿಗಿರುತ್ತದೆ, ಚಿತ್ರದಲ್ಲಿ ಎಡಬದಿಗೆ ಕಾಣುತ್ತದೆ. ಅಂದರೆ ಸತ್ಯ ಹೇಳಿದ್ದು ಮುಖವಲ್ಲ, ಬಂದೂಕು. ಆ ಕಾಲದ ರಾಸಾಯನಿಕ ಲೇಪಗಳು ನೀಲಿ ಬೆಳಕಿಗೆ ಹೆಚ್ಚು, ಕೆಂಪಿಗೆ ತೀರ ಕಡಿಮೆ ಸ್ಪಂದಿಸುತ್ತಿದ್ದುದರಿಂದ ತಿಳಿಗಣ್ಣು ಬಿಳಿಚಿಕೊಂಡಂತೆಯೂ, ಚರ್ಮದ ಕೆಂಪು ಕಲೆಗಳು ಕಪ್ಪಾಗಿಯೂ ಮೂಡುತ್ತಿದ್ದವು. ಕ್ಯಾಮೆರಾ ಹತ್ತಿರವಿದ್ದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ದೂರವಿದ್ದರೆ ಅದೇ ಮುಖ ಅಗಲವಾಗುತ್ತದೆ. ಗಾಜಿನ ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಸುಕ್ಕು ಅಳಿಸುವುದು ಸ್ಟುಡಿಯೋಗಳ ನಿತ್ಯದ ಕೆಲಸವಾಗಿತ್ತು. ಭಾರತದ ಸ್ಟುಡಿಯೋಗಳಲ್ಲಂತೂ ಛಾಯಾಚಿತ್ರದ ಮೇಲೆ ಬಣ್ಣ ಹಚ್ಚಿ ಅರ್ಧ ಚಿತ್ರಕಲೆಯನ್ನಾಗಿಸುವ ಪರಂಪರೆಯೇ ಬೆಳೆದಿತ್ತು. ಇಂಥ ಚಿತ್ರದಲ್ಲಿ ಯಾವ ರೇಖೆ ಮುಖದ್ದು, ಯಾವುದು ಕುಂಚದ್ದು ಎಂದು ಮೊದಲು ತಿಳಿಯಬೇಕು.

ಈ ತೊಡಕುಗಳೆಲ್ಲ ಒಟ್ಟಿಗೆ ಎದುರಾಗುವ ಪ್ರಕರಣವಾಗಿ ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್‌ಳ (1830–1886) ಚಿತ್ರದ ವಿವಾದವನ್ನು ವಿವರವಾಗಿ ಪರಿಶೀಲಿಸುವುದು ಉಚಿತ. ಆಕೆಯದೆಂದು ನಿಸ್ಸಂದೇಹವಾಗಿ ಒಪ್ಪಿತವಾಗಿರುವ ಛಾಯಾಚಿತ್ರ ಒಂದೇ ಒಂದು. ಆಕೆಗೆ ಹದಿನಾರು ವರ್ಷವಾಗಿದ್ದಾಗ, 1846–47ರ ಚಳಿಗಾಲದ ಸುಮಾರಿಗೆ ತೆಗೆದ ಆ ಡಾಗೆರೋಟೈಪ್ ಈಗ ಆಮ್ಹರ್ಸ್ಟ್ ಕಾಲೇಜಿನ ಸಂಗ್ರಹದಲ್ಲಿದೆ. 1862ರಲ್ಲಿ ವಿಮರ್ಶಕ ಹಿಗಿನ್ಸನ್ ಭಾವಚಿತ್ರ ಕೇಳಿದಾಗ ತನ್ನ ಬಳಿ ಚಿತ್ರವಿಲ್ಲವೆಂದು ಹೇಳಿ, ತನ್ನ ರೂಪವನ್ನು ಮಾತಿನಲ್ಲೇ ಬರೆದು ಕಳಿಸಿದವಳು ಆಕೆ. ಇದ್ದ ಆ ಒಂದು ಚಿತ್ರವೂ ಮನೆಯವರಿಗೆ ಹಿಡಿಸಿರಲಿಲ್ಲ. ಕವಿತೆಗಳು ಪ್ರಕಟವಾಗಿ ಹೆಸರು ಬಂದ ಮೇಲೆ, 1890ರ ದಶಕದಲ್ಲಿ, ತಂಗಿ ಲವೀನಿಯಾ ಕೂದಲಿಗೆ ಗುಂಗುರನ್ನೂ ಕೊರಳಿಗೆ ಸುರುಳಿಯಂಚಿನ ಪಟ್ಟಿಯನ್ನೂ ಸೇರಿಸಿ ಅದನ್ನು ತಿದ್ದಿಸಿದಳು. ಬದುಕಿದ್ದಾಗ ಒಡನಾಡಿದವರೇ ಈ ಚಿತ್ರ ಅವಳನ್ನು ಹೋಲುವುದಿಲ್ಲವೆಂದರು ಎಂಬುದನ್ನು ನೆನಪಿಡಬೇಕು. ಮುಂದೆ ನಡೆದ ಹೋಲಿಕೆಗಳಿಗೆಲ್ಲ ಪ್ರಮಾಣವಾದದ್ದು ಈ ಚಿತ್ರವೇ.

ಪ್ರೌಢ ಡಿಕಿನ್ಸನ್‌ಳ ಮುಖಕ್ಕಾಗಿ ನಡೆದ ಹುಡುಕಾಟದಲ್ಲಿ ಎರಡು ಘಟ್ಟಗಳಿವೆ. 2000ದಲ್ಲಿ ಪ್ರಾಧ್ಯಾಪಕರೊಬ್ಬರು ಅಂತರಜಾಲದ ಹರಾಜಿನಲ್ಲಿ, ಬೆನ್ನಿನ ಮೇಲೆ ಆಕೆಯ ಹೆಸರು ಬರೆದಿದ್ದ ಕಾಗದದ ಚಿತ್ರವೊಂದನ್ನು ಕೊಂಡರು. ಅದನ್ನು ಮುಖಹೋಲಿಕೆಗೆ ಒಳಪಡಿಸಲಾಯಿತು, ಪತ್ರಿಕೆಗಳಲ್ಲಿ ಚರ್ಚೆಯಾಯಿತು. ವಿದ್ವತ್ ವಲಯದ ಸಮ್ಮತಿ ಮಾತ್ರ ದೊರೆಯಲಿಲ್ಲ. ಎರಡನೆಯದು ಇದಕ್ಕಿಂತ ಗಂಭೀರವಾದುದು. 1995ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸಂಗ್ರಾಹಕರೊಬ್ಬರಿಗೆ ದೊರೆತ, ಇಬ್ಬರು ಹೆಂಗಸರು ಜೊತೆಯಾಗಿ ಕುಳಿತ ಡಾಗೆರೋಟೈಪ್ ಒಂದರಲ್ಲಿ ಎಡಕ್ಕಿರುವವಳು ಡಿಕಿನ್ಸನ್ ಆಗಿರಬಹುದೆಂಬ ವಿಚಾರವನ್ನು 2012ರಲ್ಲಿ ಆಮ್ಹರ್ಸ್ಟ್ ಕಾಲೇಜು ಸಾರ್ವಜನಿಕರ ಮುಂದಿಟ್ಟಿತು. ಜೊತೆಗಿರುವವಳು ಆಕೆಯ ಗೆಳತಿ ಕೇಟ್ ಸ್ಕಾಟ್ ಟರ್ನರ್ ಎಂದೂ, ಕಾಲ ಸುಮಾರು 1859 ಎಂದೂ ಊಹಿಸಲಾಯಿತು.

ನೇತ್ರತಜ್ಞೆಯೊಬ್ಬರು ಎರಡು ಚಿತ್ರಗಳ ಕಣ್ಣುಗಳನ್ನು ಪರೀಕ್ಷಿಸಿ, ರೆಪ್ಪೆಗಳ ತೆರವಿನಲ್ಲಿ ಎಡಬಲಗಳಿಗಿರುವ ವ್ಯತ್ಯಾಸ, ಕಣ್ಣಾಲಿಯ ಮೇಲೆ ಬಿದ್ದ ಬೆಳಕಿನ ಪ್ರತಿಫಲನ ಮುಂತಾದ ಹೊಂದಾಣಿಕೆಗಳನ್ನು ಪಟ್ಟಿ ಮಾಡಿ, ಇವೆರಡೂ ಒಬ್ಬಳದೇ ಎಂದು ತಾವು ನಂಬುವುದಾಗಿ ವರದಿ ಕೊಟ್ಟರು. ಡಿಕಿನ್ಸನ್ 1864–65ರಲ್ಲಿ ಕಣ್ಣಿನ ಬೇನೆಗಾಗಿ ಬಾಸ್ಟನ್ನಿನ ವೈದ್ಯರಲ್ಲಿ ದೀರ್ಘ ಚಿಕಿತ್ಸೆ ಪಡೆದವಳಾದ್ದರಿಂದ ಈ ವರದಿಗೆ ಹೆಚ್ಚಿನ ಆಕರ್ಷಣೆ ಬಂದಿತು. ಎರಡೂ ಡಾಗೆರೋಟೈಪ್‌ಗಳಾದ್ದರಿಂದ ಎಡಬಲದ ತೊಡಕು ಇಲ್ಲಿ ಸಮನಾಗಿ ಹಂಚಿಹೋಗಿದೆ ಎಂಬುದನ್ನೂ ಒಪ್ಪಬೇಕು. ಆದರೆ ಇಂಥ ವರದಿಯನ್ನು ಓದುವಾಗ ಕೇಳಬೇಕಾದ ಪ್ರಶ್ನೆ ಬೇರೆಯದು: ಈ ಹೋಲಿಕೆಗಳು ಅದೇ ಊರಿನ, ಅದೇ ವಯಸ್ಸಿನ ಇತರ ಹೆಂಗಸರಲ್ಲಿ ಎಷ್ಟು ಜನರಲ್ಲಿ ಕಾಣಸಿಗುತ್ತವೆ? ಒಂದು ಲಕ್ಷಣಗುಚ್ಛ ಸಾವಿರಕ್ಕೊಬ್ಬರಲ್ಲಿ ಮಾತ್ರ ಕಾಣುವಷ್ಟು ವಿರಳವೆಂದೇ ಭಾವಿಸಿದರೂ, ಆ ಸೀಮೆಯಲ್ಲಿ ಡಾಗೆರೋಟೈಪ್ ತೆಗೆಸಿಕೊಂಡ ಹೆಂಗಸರು ಹತ್ತು ಸಾವಿರವಿದ್ದರೆ ಅದಕ್ಕೆ ಹೊಂದುವವರು ಹತ್ತು ಮಂದಿ ಇರುತ್ತಾರೆ. ಹತ್ತರಲ್ಲಿ ಒಬ್ಬಳು ಡಿಕಿನ್ಸನ್ ಆಗಿರಬಹುದು. ಮುಖದ ಲಕ್ಷಣಗಳ ವಿರಳತೆಯನ್ನು ಹೀಗೆ ಸಂಖ್ಯೆಯಲ್ಲಿ ಹೇಳಬಲ್ಲ ಶಾಸ್ತ್ರ ಹಳೆಯ ಛಾಯಾಚಿತ್ರಗಳ ಮಟ್ಟಿಗೆ ಇನ್ನೂ ಇಲ್ಲ. ಬೆರಳಚ್ಚಿಗೂ ವಂಶವಾಹಿಯ ಪರೀಕ್ಷೆಗೂ ಇರುವ ಆಧಾರಸಂಗ್ರಹ ಇಲ್ಲದೆಡೆಯಲ್ಲಿ ತಜ್ಞರ ನಂಬಿಕೆ ನಂಬಿಕೆಯಾಗಿಯೇ ಉಳಿಯುತ್ತದೆ.

ಗೆಳತಿಯ ಸಾಕ್ಷ್ಯ ಇನ್ನಷ್ಟು ಸೂಕ್ಷ್ಮವಾದುದು. ಟರ್ನರ್‌ಳ ಬೇರೆ ಚಿತ್ರಗಳು ಉಳಿದಿವೆ. ಅವುಗಳಲ್ಲಿರುವಂತೆ ಗಲ್ಲದ ಮೇಲಿನ ಮಚ್ಚೆಗಳು ಇಲ್ಲಿಯೂ ಕಾಣುತ್ತವೆ. ಮಚ್ಚೆಯಂಥ ಗುರುತು ಮುಖದ ಸಾಮಾನ್ಯ ಆಕಾರಕ್ಕಿಂತ ಬಹುಪಾಲು ಬಲವಾದ ಸಾಕ್ಷ್ಯವೆಂಬುದು ನಿಜ. ಆದರೆ ವಾದದ ಕ್ರಮವನ್ನು ಗಮನಿಸಬೇಕು. ಎಡಕ್ಕಿರುವವಳು ಡಿಕಿನ್ಸನ್ ಇರಬಹುದೆಂಬ ಊಹೆ ಮೊದಲು ಹುಟ್ಟಿ, ಆಕೆಯ ಗೆಳತಿಯರ ನಡುವೆ ಹುಡುಕಿದಾಗ ಟರ್ನರ್ ಸಿಕ್ಕಿದ್ದರೆ, ಆ ಟರ್ನರ್‌ಳನ್ನೇ ಮರಳಿ ಡಿಕಿನ್ಸನ್‌ಳಿಗೆ ಸಾಕ್ಷಿಯಾಗಿ ನಿಲ್ಲಿಸುವುದು ತರ್ಕದಲ್ಲಿ ಅನ್ಯೋನ್ಯಾಶ್ರಯ ದೋಷವೆನಿಸಿಕೊಳ್ಳುತ್ತದೆ. ಡಿಕಿನ್ಸನ್‌ಳ ಹೆಸರನ್ನೇ ಕೇಳಿರದ ಪರೀಕ್ಷಕರು, ಹತ್ತಾರು ಅನಾಮಿಕ ಹೆಂಗಸರ ಚಿತ್ರಗಳ ನಡುವಿನಿಂದ ಟರ್ನರ್‌ಳನ್ನು ಆರಿಸಿದಾಗ ಮಾತ್ರ ಅದು ಸ್ವತಂತ್ರ ಸಾಕ್ಷ್ಯವಾಗುತ್ತದೆ.

ಈ ಪ್ರಕರಣದಲ್ಲಿ ಹೆಚ್ಚು ಆರೋಗ್ಯಕರವಾದ ಶೋಧನೆ ನಡೆದದ್ದು ಬಟ್ಟೆಯ ದಾರಿಯಲ್ಲಿ. ಚಿತ್ರದಲ್ಲಿರುವವಳ ಉಡುಪು 1859ಕ್ಕೆ ಹಳೆಯ ಮಾದರಿಯದು. ಡಿಕಿನ್ಸನ್ ವಸ್ತುಸಂಗ್ರಹಾಲಯದ ಜವಳಿ ಸಂಗ್ರಹದಲ್ಲಿ ಅದನ್ನು ಹೋಲುವ ನೀಲಿ ಚೌಕುಳಿಯ ತುಂಡೊಂದು ಪತ್ತೆಯಾಯಿತು. ಇದೂ ಪೂರ್ಣ ಪ್ರಮಾಣವಲ್ಲ, ಚೌಕುಳಿ ಬಟ್ಟೆ ಆ ಕಾಲದಲ್ಲಿ ಅಂಗಡಿ ಅಂಗಡಿಯಲ್ಲೂ ದೊರೆಯುತ್ತಿತ್ತು. ಆದರೂ ಇದು ಮುಖದಿಂದ ಹೊರಗಿನ, ಮುಖದ ಬಗೆಗಿನ ಆಸೆಯಿಂದ ಪ್ರಭಾವಿತವಾಗದ ಸಾಕ್ಷ್ಯ. ಆ ಚಿತ್ರ ಸ್ಪ್ರಿಂಗ್‌ಫೀಲ್ಡ್‌ಗೆ ಬರುವ ಮೊದಲು ಯಾರ ಮನೆಯಲ್ಲಿತ್ತು ಎಂಬ ಒಂದು ಕೊಂಡಿ ದೊರೆತಿದ್ದರೆ ಕಣ್ಣಿನ ಪರೀಕ್ಷೆಯ ಅಗತ್ಯವೇ ಬೀಳುತ್ತಿರಲಿಲ್ಲ. ಅದು ದೊರೆತಿಲ್ಲ; ಆದಕಾರಣ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಉಳಿದಿದೆ.

ಡಿಕಿನ್ಸನ್ ಪ್ರಕರಣದಲ್ಲಿ ಎಚ್ಚರದ ಮಾತುಗಳಿಗೆ ಅವಕಾಶವಿತ್ತು. ಅವಕಾಶವಿಲ್ಲದೆ ನಡೆದ ಪ್ರಕರಣದ ಗತಿ ಏನಾಗಬಹುದೆಂಬುದಕ್ಕೆ ವಿಮಾನಚಾಲಕಿ ಅಮೇಲಿಯಾ ಇಯರ್‌ಹಾರ್ಟ್‌ಳ ಚಿತ್ರದ ಪ್ರಸಂಗ ನಿದರ್ಶನವಾಗಿದೆ. ಆಕೆ 1937ರ ಜುಲೈ 2ರಂದು ತನ್ನ ಜೊತೆಗಾರ ಫ್ರೆಡ್ ನೂನನ್‌ನೊಡನೆ ಶಾಂತಸಾಗರದ ಮೇಲೆ ಕಣ್ಮರೆಯಾದಳು. 2017ರ ಜುಲೈನಲ್ಲಿ ಅಮೆರಿಕದ ದೂರದರ್ಶನ ವಾಹಿನಿಯೊಂದು, ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ದೊರೆತ ಚಿತ್ರವೊಂದನ್ನು ತೋರಿಸಿ, ಮಾರ್ಷಲ್ ದ್ವೀಪಗಳ ಜಾಲುಯಿಟ್ ಬಂದರಿನ ಕಟ್ಟೆಯ ಮೇಲಿರುವವರು ಅವರಿಬ್ಬರೇ, ಅಂದರೆ ಅವರು ಬದುಕಿ ಜಪಾನೀಯರ ವಶವಾಗಿದ್ದರು ಎಂದು ಸಾರಿತು. ಮುಖಹೋಲಿಕೆಯ ತಜ್ಞರು ಕೂದಲಿನ ಅಂಚು, ಮೂಗು, ದೇಹದ ಪ್ರಮಾಣ ಎಲ್ಲವನ್ನೂ ಹೋಲಿಸಿ ಇದು ಬಹುಮಟ್ಟಿಗೆ ನಿಜವೆಂದರು. ಚಿತ್ರದಲ್ಲಿ ಇಯರ್‌ಹಾರ್ಟ್ ಎನ್ನಲಾದ ವ್ಯಕ್ತಿ ಕ್ಯಾಮೆರಾಕ್ಕೆ ಬೆನ್ನು ಮಾಡಿ ಕುಳಿತಿತ್ತೆಂಬುದು ಬೇರೆ ಮಾತು. ಕಾರ್ಯಕ್ರಮ ಪ್ರಸಾರವಾದ ಕೆಲವೇ ದಿನಗಳಲ್ಲಿ ಜಪಾನಿನ ಕೋತಾ ಯಮಾನೋ ಎಂಬ ಚರಿತ್ರಾಸಕ್ತರು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಗಣಕೀಕೃತ ಸಂಗ್ರಹದಲ್ಲಿ ಜಾಲುಯಿಟ್ ಎಂಬ ಹೆಸರನ್ನಿಟ್ಟುಕೊಂಡು ಹುಡುಕಿದರು. ಅರ್ಧ ಗಂಟೆಯಲ್ಲಿ ಅದೇ ಚಿತ್ರ 1935ರಲ್ಲಿ ಅಚ್ಚಾದ ದಕ್ಷಿಣ ಸಮುದ್ರದ ಪ್ರವಾಸ ಗ್ರಂಥವೊಂದರಲ್ಲಿ ಸಿಕ್ಕಿತು. ಇಯರ್‌ಹಾರ್ಟ್ ಕಣ್ಮರೆಯಾಗುವುದಕ್ಕೆ ಎರಡು ವರ್ಷ ಮೊದಲೇ ಆ ಪುಸ್ತಕ ಓದುಗರ ಕೈಯಲ್ಲಿತ್ತು. ಇಲ್ಲಿ ತಜ್ಞರ ಅಳತೆ ತಪ್ಪಾಯಿತೆನ್ನುವುದಕ್ಕಿಂತ, ಅಳತೆಗೆ ಮೊದಲು ಆಗಬೇಕಾದ ಗ್ರಂಥಾಲಯದ ಕೆಲಸ ಆಗಿರಲಿಲ್ಲವೆನ್ನುವುದು ಸರಿ.

ಇದಕ್ಕೆ ನೇರ ವಿರುದ್ಧವಾಗಿ, ಮುಖವೇ ಕಾಣದ ಚಿತ್ರದಲ್ಲಿ ವ್ಯಕ್ತಿನಿರ್ಣಯ ಸಾಧ್ಯವಾದ ಉದಾಹರಣೆಯೊಂದಿದೆ. 1945ರ ಫೆಬ್ರವರಿ 23ರಂದು ಇವೊ ಜಿಮಾ ದ್ವೀಪದ ಸುರಿಬಾಚಿ ಬೆಟ್ಟದ ಮೇಲೆ ಆರು ಮಂದಿ ಯೋಧರು ಅಮೆರಿಕದ ಬಾವುಟ ನೆಡುತ್ತಿರುವ, ಜೋ ರೋಸೆಂತಾಲ್ ತೆಗೆದ ಚಿತ್ರ ಲೋಕಪ್ರಸಿದ್ಧ. ಅದರಲ್ಲಿ ಒಬ್ಬರ ಮುಖವೂ ಸ್ಪಷ್ಟವಾಗಿಲ್ಲ. ಯುದ್ಧಕಾಲದ ಅವಸರದಲ್ಲಿ ಕೊಟ್ಟ ಆರು ಹೆಸರುಗಳನ್ನು ಅಮೆರಿಕದ ನೌಕಾಪದಾತಿ ದಳ 1947ರಲ್ಲಿ, 2016ರಲ್ಲಿ, 2019ರಲ್ಲಿ ಹೀಗೆ ಮೂರು ಬಾರಿ ತಿದ್ದಬೇಕಾಯಿತು. ಕೊನೆಯ ಎರಡು ತಿದ್ದುಪಡಿಗಳಿಗೆ ಕಾರಣವಾದದ್ದು ಹವ್ಯಾಸಿ ಸಂಶೋಧಕರ ತಾಳ್ಮೆ. ಅದೇ ದಿನ ಅದೇ ಬೆಟ್ಟದ ಮೇಲೆ ಇತರರು ತೆಗೆದ ಚಿತ್ರಗಳನ್ನೂ ಚಲನಚಿತ್ರದ ತುಣುಕುಗಳನ್ನೂ ಸಾಲಾಗಿಟ್ಟು, ಯಾರ ಷರಾಯಿಯ ಅಂಚು ಮಡಿಸಿದೆ, ಯಾರ ನಡುಪಟ್ಟಿಯಲ್ಲಿ ಏನಿದೆ, ಯಾರ ಶಿರಸ್ತ್ರಾಣದ ಪಟ್ಟಿ ಕಿತ್ತು ಜೋತಾಡುತ್ತಿದೆ ಎಂದು ಅವರು ನೋಡಿದರು. ಹೀಗೆ ಜಾನ್ ಬ್ರಾಡ್ಲಿಯ ಹೆಸರು ಹೋಗಿ ಹೆರಾಲ್ಡ್ ಶುಲ್ಟ್ಸ್ ಹೆಸರು ಬಂದಿತು. ಆಮೇಲೆ ರೆನೆ ಗ್ಯಾನ್ಯನ್ ಹೋಗಿ ಹೆರಾಲ್ಡ್ ಕೆಲ್ಲರ್ ಬಂದ. ಬ್ರಾಡ್ಲಿಯ ಮಗ ತಂದೆಯ ಕುರಿತು ಬರೆದ ಗ್ರಂಥ ಅಷ್ಟರಲ್ಲಿ ಜನಪ್ರಿಯವಾಗಿ, 2006ರಲ್ಲಿ ಚಲನಚಿತ್ರವೂ ಆಗಿತ್ತು. ಶುಲ್ಟ್ಸ್ ಮತ್ತು ಕೆಲ್ಲರ್ ಇಬ್ಬರೂ ತಾವು ಆ ಚಿತ್ರದಲ್ಲಿದ್ದೇವೆಂದು ಸಾರ್ವಜನಿಕವಾಗಿ ಹೇಳಿಕೊಳ್ಳದೆಯೇ ತೀರಿಕೊಂಡಿದ್ದರು. ಈ ನಿರ್ಣಯ ಸಾಧ್ಯವಾದದ್ದಕ್ಕೆ ಮುಖ್ಯ ಕಾರಣ, ಅಂದು ಬೆಟ್ಟದ ಮೇಲೆ ಇದ್ದವರು ಇಂತಿಷ್ಟೇ ಜನರೆಂಬುದು ದಾಖಲೆಗಳಿಂದ ಗೊತ್ತಿದ್ದುದು. ಲೋಕದ ಕೋಟಿ ಜನರಲ್ಲಿ ಒಬ್ಬನನ್ನು ಹುಡುಕುವುದಕ್ಕೂ, ಪಟ್ಟಿಯಲ್ಲಿರುವ ಕೆಲವರಲ್ಲಿ ಒಬ್ಬನನ್ನು ಬೇರ್ಪಡಿಸುವುದಕ್ಕೂ ಇರುವ ಅಂತರವನ್ನು ಮುಖಹೋಲಿಕೆಯ ಉತ್ಸಾಹಿಗಳು ಮರೆಯುತ್ತಾರೆ.

ಭಾರತದಲ್ಲಿ ಈ ಮರೆವಿನ ಫಲ ಹೆಚ್ಚಾಗಿ ಕಾಣುವುದು ರಾಷ್ಟ್ರವೀರರ ವಿಷಯದಲ್ಲಿ. 1966ರ ಜನವರಿಯ ತಾಷ್ಕೆಂಟ್ ಮಾತುಕತೆಯ ಕಾಲದ ಚಿತ್ರವೊಂದರ ಹಿನ್ನೆಲೆಯಲ್ಲಿರುವ ವ್ಯಕ್ತಿ ಸುಭಾಷಚಂದ್ರ ಬೋಸ್ ಎಂದು ಬ್ರಿಟನ್ನಿನ ಮುಖಹೋಲಿಕೆ ತಜ್ಞರೊಬ್ಬರ ಅಭಿಪ್ರಾಯ ಸಮೇತ 2015ರಲ್ಲಿ ವಾದಿಸಲಾಯಿತು. 1956, 1974, 2005ರಲ್ಲಿ ವರದಿ ಕೊಟ್ಟ ಮೂರು ವಿಚಾರಣಾ ಮಂಡಳಿಗಳು ಸಾಕ್ಷಿಗಳನ್ನು ವಿಚಾರಿಸಿ, ಕಾಗದಪತ್ರ ತಿರುವಿ ಒಮ್ಮತಕ್ಕೆ ಬಾರದ ಪ್ರಶ್ನೆಯನ್ನು ಒಂದು ಮಸುಕು ಮುಖದಿಂದ ಇತ್ಯರ್ಥಪಡಿಸಲು ಹೊರಟದ್ದು ಆ ಮುಖಕ್ಕೆ ಹೊರಲಾರದ ಭಾರ ಹೊರಿಸಿದಂತಾಯಿತು. ಅಲ್ಲಿ ಪರಿಶೀಲಿಸಬೇಕಾದದ್ದು ಮಾತುಕತೆಗೆ ಬಂದಿದ್ದವರ ಪಟ್ಟಿ, ಪತ್ರಕರ್ತರ ಪಟ್ಟಿ, ಅದೇ ಸಂದರ್ಭದ ಬೇರೆ ಚಿತ್ರಗಳು.

ಟಿಪ್ಪುವಿನ 'ನಿಜವಾದ ಛಾಯಾಚಿತ್ರ' ಎಂಬ ಹೆಸರಿನಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುವ ಚಿತ್ರಗಳ ವಿಷಯದಲ್ಲಿ ಹೋಲಿಕೆಯ ಪ್ರಶ್ನೆಯೇ ಏಳುವುದಿಲ್ಲ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದದ್ದು 1799ರ ಮೇ 4ರಂದು. ಛಾಯಾಗ್ರಹಣವನ್ನು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಸಾರಿದ್ದು 1839ರಲ್ಲಿ. 1829ರಲ್ಲಿ ತೀರಿಕೊಂಡ ಕಿತ್ತೂರು ಚೆನ್ನಮ್ಮನಿಗೂ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನಿಗೂ ಇದೇ ಮಾತು ಸಲ್ಲುತ್ತದೆ. ಶಾಲೆಯ ಗೋಡೆಗಳ ಮೇಲಿರುವ ಅವರ ರೂಪಗಳು ಕಲಾವಿದರ ಭಕ್ತಿಯ ಸೃಷ್ಟಿ, ಅವುಗಳನ್ನು ಹಾಗೆಂದು ತಿಳಿದೇ ಜನ ಗೌರವಿಸುತ್ತಾರೆ.

ಝಾನ್ಸಿಯ ಲಕ್ಷ್ಮೀಬಾಯಿಯ ಚಿತ್ರ ಇದಕ್ಕಿಂತ ಜಟಿಲ, ಏಕೆಂದರೆ ಅಲ್ಲಿ ಕಾಲ ಅಸಾಧ್ಯವೆನ್ನುವುದಿಲ್ಲ. ರಾಣಿ ಮಡಿದದ್ದು 1858ರ ಜೂನ್‌ನಲ್ಲಿ; ಅಷ್ಟರಲ್ಲಿ ಭಾರತದಲ್ಲಿ ಛಾಯಾಗ್ರಹಣ ಬೇರೂರಿತ್ತು, ಮುಂಬಯಿಯಲ್ಲಿ 1854ರಲ್ಲಿ, ಕಲ್ಕತ್ತ ಮತ್ತು ಮದ್ರಾಸುಗಳಲ್ಲಿ 1856ರಲ್ಲಿ ಛಾಯಾಗ್ರಾಹಕರ ಸಂಘಗಳೂ ಸ್ಥಾಪನೆಯಾಗಿದ್ದವು. ಆಭರಣ ತೊಟ್ಟು ಕುಳಿತ ತರುಣಿಯೊಬ್ಬಳ ಚಿತ್ರ ರಾಣಿಯದೆಂದೂ, 1850ರಲ್ಲಿ ಹಾಫ್‌ಮನ್ ಎಂಬ ಛಾಯಾಗ್ರಾಹಕ ತೆಗೆದದ್ದೆಂದೂ 2009ರ ಸುಮಾರಿನಿಂದ ಪ್ರಚಾರದಲ್ಲಿದೆ. ಆ ಹೆಸರು ಹೊತ್ತ ಜಾನ್‌ಸ್ಟನ್ ಮತ್ತು ಹಾಫ್‌ಮನ್ ಸ್ಟುಡಿಯೋ ಕಲ್ಕತ್ತೆಯಲ್ಲಿ ಆರಂಭವಾದದ್ದು 1880ರ ದಶಕದಲ್ಲಿ. ಇಷ್ಟರಿಂದಲೇ ವಾದ ಕುಸಿಯುತ್ತದೆ. ಮುಖಹೋಲಿಕೆ ಮಾಡುತ್ತೇವೆಂದು ಹೊರಟವರಿಗೆ ಇನ್ನೂ ದೊಡ್ಡ ತೊಡಕಿದೆ: ಹೋಲಿಸುವುದು ಯಾವುದರೊಡನೆ? ರಾಣಿಯದೆಂದು ಸಿದ್ಧವಾದ ಒಂದು ಛಾಯಾಚಿತ್ರವೂ ಇಲ್ಲ. 1854ರಲ್ಲಿ ಆಕೆಯ ವಕೀಲನಾಗಿ ಬಂದ ಜಾನ್ ಲ್ಯಾಂಗ್ ಪರದೆ ಸರಿದಾಗ ಕ್ಷಣಕಾಲ ಕಂಡ ರೂಪವನ್ನು ಬರೆದಿಟ್ಟಿದ್ದಾನೆ. ಮಾತಿನ ಚಿತ್ರ ಅಳತೆಗೆ ಒದಗುವುದಿಲ್ಲ. ಪ್ರಮಾಣಚಿತ್ರವಿಲ್ಲದೆ ನಡೆಯುವ ಹೋಲಿಕೆಯಲ್ಲಿ ನಿಜವಾಗಿ ಎದುರುಬದುರಾಗುವುದು ಚಿತ್ರ ಮತ್ತು ನೋಡುವವರ ಮನಸ್ಸಿನಲ್ಲಿರುವ ರಾಣಿ.

ಈ ಚರ್ಚೆಗಳಲ್ಲಿ ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಆ ಚಿತ್ರದಲ್ಲಿ ಕುಳಿತಿರುವವಳು ಯಾರು? ಆಕೆ ಲಕ್ಷ್ಮೀಬಾಯಿ ಅಲ್ಲವೆಂದು ತೋರಿಸಿದೊಡನೆ ವಿದ್ವಾಂಸರ ಆಸಕ್ತಿ ಮುಗಿಯುತ್ತದೆ. ಯಾವುದೋ ಮನೆತನದ ಹೆಣ್ಣುಮಗಳು ಒಂದು ದಿನ ಒಡವೆ ತೊಟ್ಟು, ಕ್ಯಾಮೆರಾದ ಮುಂದೆ ಅಲುಗದೆ ಕುಳಿತು ತೆಗೆಸಿಕೊಂಡ ಚಿತ್ರ ಅದು. ತಪ್ಪು ಹೆಸರು ಅಂಟಿದ ಮೇಲೆ ಅವಳ ಮನೆಯವರು ಹುಡುಕಿಕೊಂಡು ಬಂದರೂ 'ಲಕ್ಷ್ಮೀಬಾಯಿ' ಎಂಬ ಶೀರ್ಷಿಕೆಯಡಿ ಅವಳು ಸಿಕ್ಕುವಂತಿಲ್ಲ. ಡಿಕಿನ್ಸನ್ ವಿವಾದದ ಇಬ್ಬರು ಹೆಂಗಸರಿಗೂ, ಜಾಲುಯಿಟ್ ಕಟ್ಟೆಯ ಮೇಲೆ ಕುಳಿತ ವ್ಯಕ್ತಿಗೂ ಇದು ಅನ್ವಯಿಸುತ್ತದೆ. ತಪ್ಪು ವ್ಯಕ್ತಿನಿರ್ಣಯ ಪ್ರಸಿದ್ಧರಿಗೆ ಇಲ್ಲದ ಮುಖವನ್ನು ಕೊಡುವುದರ ಜೊತೆಗೆ ಅಪ್ರಸಿದ್ಧರಿಗೆ ಇದ್ದ ಮುಖವನ್ನೂ ಕಸಿದುಕೊಳ್ಳುತ್ತದೆ.

ಹೆಸರಿಲ್ಲದ ಮುಖಗಳ ಸಮಸ್ಯೆ ಕರ್ನಾಟಕದ ಸಂಶೋಧಕರಿಗೆ ಹೊಸದಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ 'ದ ಪೀಪಲ್ ಆಫ್ ಇಂಡಿಯಾ' ಗ್ರಂಥದಲ್ಲಾಗಲಿ, ಮದ್ರಾಸು ಸರ್ಕಾರಿ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕೋಶದಲ್ಲಾಗಲಿ, ಚಿತ್ರಗಳ ಕೆಳಗೆ ಸಾಮಾನ್ಯವಾಗಿ ಇರುವುದು ಸಮುದಾಯದ ಹೆಸರು. ಬಂಟರು, ಬಿಲ್ಲವರು, ಕುರುಬರು, ಬಡಗರು ಆ ಕೋಶದಲ್ಲಿ ಮಾದರಿಗಳಾಗಿ ವಿವರಿಸಲ್ಪಟ್ಟಿದ್ದಾರೆ. ಮೂಗಿನ ಅಗಲವನ್ನು ಉದ್ದಕ್ಕೆ ಹೋಲಿಸಿ ಕುಲ ನಿರ್ಣಯಿಸುವ ಆ ಕಾಲದ ಶಾಸ್ತ್ರಕ್ಕೆ ವ್ಯಕ್ತಿಯ ಹೆಸರು ಬೇಕಾಗಿರಲಿಲ್ಲ. ಮುಖವನ್ನು ಅಳೆದರೆ ಮನುಷ್ಯ ಸಿಕ್ಕುತ್ತಾನೆ ಎಂಬ ಭರವಸೆಯ ಒಂದು ಬೇರು ಅಲ್ಲಿಯೂ ಇದೆ ಎಂಬುದನ್ನು ಇಂದಿನ ತಂತ್ರಜ್ಞಾನದ ಬಗ್ಗೆ ಬರೆಯುವವರು ಅಪರೂಪಕ್ಕೆ ನೆನೆಯುತ್ತಾರೆ.

ಹಾಗೆಂದು ಮುಖಹೋಲಿಕೆಯನ್ನು ಪೂರ್ತಿ ತಳ್ಳಿಹಾಕುವುದು ಸಾಧುವಲ್ಲ. ಅಲ್ಲವೆಂದು ಹೇಳುವಲ್ಲಿ ಅದರ ಶಕ್ತಿ ದೊಡ್ಡದು: ಕಿವಿಯ ಹಾಲೆ ಅಂಟಿಕೊಂಡದ್ದೋ ಜೋತದ್ದೋ ಎಂಬ ಒಂದು ವ್ಯತ್ಯಾಸ, ಚಿತ್ರ ಸ್ಪಷ್ಟವಾಗಿದ್ದರೆ, ಹತ್ತು ಹೋಲಿಕೆಗಳನ್ನು ರದ್ದುಗೊಳಿಸಬಲ್ಲದು. ಪಟ್ಟಿ ಗೊತ್ತಿರುವ ಗುಂಪುಚಿತ್ರಗಳಲ್ಲಿ ಹೌದೆಂದು ಹೇಳುವುದಕ್ಕೂ ಅದು ನೆರವಾಗುತ್ತದೆ. ಅಮೆರಿಕದ ಅಂತರ್ಯುದ್ಧದ ಯೋಧರನ್ನು ಗುರುತಿಸಲು 2018ರಲ್ಲಿ ಆರಂಭವಾದ 'ಸಿವಿಲ್ ವಾರ್ ಫೋಟೋ ಸ್ಲೂತ್' ಎಂಬ ವ್ಯವಸ್ಥೆಯಲ್ಲಿ ಗಣಕಯಂತ್ರದ ಹೋಲಿಕೆಗೆ ಮೊದಲು ಸಮವಸ್ತ್ರ, ಪದವಿಯ ಚಿಹ್ನೆ, ಛಾಯಾಗ್ರಾಹಕನ ಊರು ಇವುಗಳಿಂದ ಅಭ್ಯರ್ಥಿಗಳ ಸಂಖ್ಯೆಯನ್ನು ಕುಗ್ಗಿಸಲಾಗುತ್ತದೆ. ಕೊನೆಯ ತೀರ್ಮಾನ ಮನುಷ್ಯರದು. ನಮ್ಮಲ್ಲಿ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಂಥ ಸಂದರ್ಭಗಳ, ಏಕೀಕರಣದ ಕಾಲದ ಸಭೆಗಳ, ಹಳೆಯ ಶಾಲಾ ಕಾಲೇಜುಗಳ ಗುಂಪುಚಿತ್ರಗಳಿಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. ಅಂಥ ಚಿತ್ರಗಳಲ್ಲಿ ಕುರ್ಚಿಯ ಮೇಲೆ ಕುಳಿತವರ ಹೆಸರುಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಹಿಂದೆ ನಿಂತ ಸ್ವಯಂಸೇವಕರು, ನೆಲದ ಮೇಲೆ ಕುಳಿತ ಹುಡುಗರು, ಅಂಚಿನಲ್ಲಿರುವ ಹೆಂಗಸರು ಇವರ ಹೆಸರು ಉಳಿದಿರುವುದು ವಿರಳ. ಹಾಜರಿ ಪುಸ್ತಕವೋ ಸ್ವಯಂಸೇವಕರ ಪಟ್ಟಿಯೋ ದೊರೆತಲ್ಲಿ, ಮನೆಗಳಲ್ಲಿರುವ ಮದುವೆಯ ಚಿತ್ರಗಳೊಡನೆ ಹೋಲಿಸಿ ಹಲವರನ್ನು ಹೆಸರಿಗೆ ತರಬಹುದು.

ಅದಕ್ಕೆ ಸಂಗ್ರಹಾಲಯಗಳ ಕಡೆಯಿಂದ ಆಗಬೇಕಾದ ಕೆಲಸ ಕೆಲವಿವೆ. ಚಿತ್ರವನ್ನು ಗಣಕೀಕರಿಸುವಾಗ ಮುಂಭಾಗವನ್ನಷ್ಟೇ ತೆಗೆದು ಬಿಡುವ ರೂಢಿ ಹೋಗಬೇಕು. ಸ್ಟುಡಿಯೋದ ಮುದ್ರೆ, ವಿಳಾಸ, ಪೆನ್ಸಿಲಿನ ಟಿಪ್ಪಣಿ ಇರುವುದು ಬೆನ್ನಿನ ಮೇಲೆ. ಹರಿದ ಆಲ್ಬಂ ಬಿಚ್ಚುವ ಮೊದಲು ಯಾವ ಚಿತ್ರದ ಪಕ್ಕದಲ್ಲಿ ಯಾವುದಿತ್ತೆಂದು ದಾಖಲಿಸಬೇಕು. ಮಸುಕಾದ ಮುಖಗಳನ್ನು 'ಸ್ಪಷ್ಟಗೊಳಿಸುವ' ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಸುಲಭವಾಗಿ ಕೈಗೆಟಕುತ್ತಿವೆ; ಅವು ಕಳೆದುಹೋದ ರೆಪ್ಪೆಯನ್ನೂ ತುಟಿಯಂಚನ್ನೂ ಬೇರೆ ಸಾವಿರಾರು ಮುಖಗಳಿಂದ ಊಹಿಸಿ ಬರೆಯುತ್ತವೆ. ಅಂಥ ಪ್ರತಿಯನ್ನು ಹೋಲಿಕೆಗೆ ಬಳಸಿದರೆ ಹೋಲಿಸಿದ್ದು ಯಂತ್ರದ ಊಹೆಯನ್ನು. ಮೂಲ ಪ್ರತಿಯೇ ಪರೀಕ್ಷೆಗೆ ಆಧಾರವಾಗಬೇಕು, ತಿದ್ದಿದ ಪ್ರತಿಗೆ ಹಾಗೆಂದು ಗುರುತಿರಬೇಕು. ಗ್ರಂಥಸೂಚಿಯಲ್ಲಿ ವ್ಯಕ್ತಿಯ ಹೆಸರಿನ ಮುಂದೆ ಆ ಹೆಸರನ್ನು ಕೊಟ್ಟವರು ಯಾರು, ಯಾವ ವರ್ಷ, ಯಾವ ಆಧಾರದ ಮೇಲೆ ಎಂಬ ಮೂರು ವಿವರಗಳಿಗೆ ಜಾಗವಿರಬೇಕು. ಝಾನ್ಸಿಯ ರಾಣಿಯದೆಂದು ಪ್ರಚಾರದಲ್ಲಿರುವ ಆ ಚಿತ್ರದ ಪ್ರತಿ ಯಾವುದೇ ಗ್ರಂಥಾಲಯದಲ್ಲಿದ್ದರೆ, ಅದನ್ನು 'ಹೆಸರು ತಿಳಿಯದ ಮಹಿಳೆ. 2009ರ ಸುಮಾರಿನಿಂದ ಲಕ್ಷ್ಮೀಬಾಯಿಯೆಂದು ಪ್ರಚಾರ. ಆಧಾರವಿಲ್ಲ' ಎಂದು ನಮೂದಿಸಿ, ಹೆಸರಿನ ಸ್ಥಳವನ್ನು ಖಾಲಿ ಬಿಡುವುದು ಸರಿಯಾದ ಕ್ರಮ.